19,000 ಕಿಲೋಮೀಟರ್ ಓಡಿದ ಕಾರು ಮತ್ತು ಕಾಣೆಯಾಗುತ್ತಿದ್ದ ಕೂಲೆಂಟ್

ನನ್ನ ಕಾರಿನ ಕೂಲೆಂಟ್, ಎಂದರೆ ಎಂಜಿನ್ನನ್ನು ತಂಪಾಗಿಡುವ ದ್ರವದ ಡಬ್ಬಿಯ ಮೇಲೆ ಬಿಳಿಯ ಟೇಪಿನ ತುಂಡೊಂದನ್ನು ಅಂಟಿಸಿದ್ದೇನೆ. ಅದರ ಮೇಲೆ ಒಂಬತ್ತು ಗೀಟುಗಳಿವೆ. ಒಂದೊಂದು ಗೀಟೂ ಹಿಂದಿನದಕ್ಕಿಂತ ಎರಡು ಮೂರು ಮಿಲಿಮೀಟರ್ ಕೆಳಗಿದೆ, ಪ್ರತಿಯೊಂದರ ಪಕ್ಕದಲ್ಲಿ ದಿನಾಂಕವೂ ಓಡೋಮೀಟರಿನ ಅಂಕಿಯೂ ಇದೆ. ಮೊದಲ ಗೀಟಿಗೂ ಕೊನೆಯ ಗೀಟಿಗೂ ನಡುವೆ ಕಾರು ಓಡಿದ್ದು ಸುಮಾರು 1,100 ಕಿಲೋಮೀಟರ್, ಆ ಅವಧಿಯಲ್ಲಿ ಡಬ್ಬಿಯಿಂದ ಮಾಯವಾದ ಕೂಲೆಂಟು ಸುಮಾರು 220 ಮಿಲಿಲೀಟರ್, ಎಂದರೆ ಒಂದು ಲೋಟದಷ್ಟು. ಕಾರು ನಿಲ್ಲುವ ನೆಲದ ಮೇಲೆ ಹನಿ ಬಿದ್ದ ಕಲೆ ಇರಲಿಲ್ಲ, ಟೆಂಪರೇಚರ್ ಮುಳ್ಳು ಒಮ್ಮೆಯೂ ಮಧ್ಯದಿಂದ ಕದಲಿರಲಿಲ್ಲ. ಆ ಒಂದು ಲೋಟ ಎಲ್ಲಿಗೆ ಹೋಯಿತೆಂದು ಖಚಿತವಾಗಿ ತಿಳಿಯಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಯಾವುದನ್ನು ಯಾವ ಕ್ರಮದಲ್ಲಿ ಪರೀಕ್ಷಿಸಿದೆ, ಯಾವ ಪರೀಕ್ಷೆ ದಾರಿ ತಪ್ಪಿಸಿತು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಕಾರು 2008ರಲ್ಲಿ ತಯಾರಾದದ್ದು. ಎರಡೇ ಸೀಟು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸಿಲಿಂಡರುಗಳಿರುವ ಬ್ಲಾಕ್ ಮತ್ತು ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಎರಡೂ ಅಲ್ಯೂಮಿನಿಯಂ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ದೋಷ ಕಾರನ್ನು ಇಟ್ಟುಕೊಂಡ ರೀತಿಯದು, ಕಟ್ಟಿದ ರೀತಿಯದಲ್ಲ. ಮೈಸೂರಿನ ಯಾದವಗಿರಿಯ ಹಳೆಯ ಮನೆಯೊಂದರ ಷೆಡ್ಡಿನಲ್ಲಿ ಅದು ವರ್ಷಗಟ್ಟಲೆ ಹೊದಿಕೆಯ ಕೆಳಗೆ ನಿಂತಿತ್ತು. ಭಾನುವಾರ ಬೆಳಿಗ್ಗೆ ಒಂದು ಸುತ್ತು, ಆಯುಧಪೂಜೆಯ ದಿನ ತೊಳೆದು ಹೂವು ಹಾಕಿ ಚಕ್ರದಡಿ ನಿಂಬೆಹಣ್ಣು ಇಟ್ಟು ಇನ್ನೊಂದು ಸುತ್ತು, ಅಷ್ಟೇ ಅದರ ಓಡಾಟ. ನಾನು ಕೊಂಡಾಗ ಓಡೋಮೀಟರ್ 19,000ವನ್ನು ಆಗಷ್ಟೇ ದಾಟಿತ್ತು. ಸ್ಟೀರಿಂಗಿನ ಚರ್ಮ ಕೂಡ ಸವೆದಿರಲಿಲ್ಲ.

ಆ ಅಂಕಿಯನ್ನು ನೋಡಿ ನಾನು ಮೋಸ ಹೋದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬ್ಲಾಕಿಗೂ ಹೆಡ್ಡಿಗೂ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ಟಿಗೆ ಕಿಲೋಮೀಟರಿನ ಲೆಕ್ಕ ತಿಳಿಯುವುದಿಲ್ಲ, ಅದಕ್ಕೆ ತಿಳಿಯುವುದು ಎಷ್ಟು ಸಲ ಬಿಸಿಯಾಗಿ ಎಷ್ಟು ಸಲ ತಣ್ಣಗಾಯಿತು ಎಂಬುದು ಮತ್ತು ಅದರ ಅಂಚನ್ನು ಮುಟ್ಟಿಕೊಂಡಿರುವ ದ್ರವ ಎಷ್ಟು ಹಳೆಯದು ಎಂಬುದು. ಕೂಲೆಂಟಿನಲ್ಲಿ ನೀರಿನೊಂದಿಗೆ ಬೆರೆಸಿರುವ ಗ್ಲೈಕಾಲ್ ಎಂಬ ದ್ರವ ಎಷ್ಟು ವರ್ಷವಾದರೂ ಇರುತ್ತದೆ, ಆದರೆ ಲೋಹಕ್ಕೆ ತುಕ್ಕು ಹಿಡಿಯದಂತೆ ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಕಾರು ಓಡಲಿ ಬಿಡಲಿ ಕ್ರಮೇಣ ಮುಗಿಯುತ್ತವೆ. ಹಳೆಯ ಹಸಿರು ಬಗೆಯದಕ್ಕೆ ಸಾಮಾನ್ಯವಾಗಿ ಎರಡು ವರ್ಷ, ಸಾವಯವ ಆಮ್ಲದ ಬಗೆಯದಕ್ಕೆ ಐದು ವರ್ಷ ಎಂದು ಅವಧಿ ಹೇಳುತ್ತಾರೆ. ಹಿಂದಿನ ಮಾಲೀಕರು ಕೊಟ್ಟ ರಸೀದಿಗಳ ಕಟ್ಟಿನಲ್ಲಿ ಪ್ರತಿ ವರ್ಷ ಎಂಜಿನ್ ಆಯಿಲ್ ಬದಲಿಸಿದ ದಾಖಲೆ ಇತ್ತು, ಕೂಲೆಂಟ್ ಬದಲಿಸಿದ ಚೀಟಿ ಒಂದೂ ಇರಲಿಲ್ಲ. ಮಟ್ಟ ಇಳಿದಾಗಲೆಲ್ಲ ಮನೆಯ ಬೋರ್‌ವೆಲ್ ನೀರನ್ನೇ ಸುರಿಯುತ್ತಿದ್ದರೆಂದು ಅವರೇ ಮುಗ್ಧವಾಗಿ ಹೇಳಿದ್ದರು. ಆಗ ಅದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಗ್ಯಾಸ್ಕೆಟ್ಟಿನ ಕೆಲಸವನ್ನು ಒಂದಿಷ್ಟು ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂತಿರುವ ಈ ತೆಳುವಾದ ಹಾಳೆ ಮೂರನ್ನು ಬೇರೆ ಬೇರೆಯಾಗಿ ಇಡಬೇಕು: ಸಿಲಿಂಡರಿನೊಳಗೆ ಉರಿಯುವ ಅನಿಲ, ಸುತ್ತ ಹರಿಯುವ ಕೂಲೆಂಟ್, ಮೇಲಕ್ಕೂ ಕೆಳಕ್ಕೂ ಹೋಗುವ ಆಯಿಲ್. ಈಗಿನ ಎಂಜಿನ್‌ಗಳಲ್ಲಿ ಅದು ಉಕ್ಕಿನ ಕೆಲವು ತೆಳು ಪದರಗಳ ಜೋಡಣೆ; ಸಿಲಿಂಡರಿನ ಬಾಯಿಯ ಸುತ್ತ ಪದರವನ್ನು ಉಬ್ಬಿಸಿ, ಮೇಲೆ ರಬ್ಬರಿನಂಥ ಲೇಪ ಕೊಟ್ಟಿರುತ್ತಾರೆ. ಎಂಜಿನ್ ಎಳೆಯುವಾಗ ಸಿಲಿಂಡರಿನೊಳಗಿನ ಒತ್ತಡ ಕ್ಷಣಮಾತ್ರ 50 ಬಾರ್‌ಗೂ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಮೀರುತ್ತದೆ, ಅದರಿಂದ ಕೆಲವೇ ಮಿಲಿಮೀಟರ್ ಆಚೆ ಹರಿಯುವ ಕೂಲೆಂಟಿನ ಒತ್ತಡ ಒಂದು ಬಾರ್‌ನ ಆಸುಪಾಸಿನದು. ಆದ್ದರಿಂದ ಕೂದಲೆಳೆಯಷ್ಟು ದಾರಿಯಾದರೂ ಎಂಜಿನ್ ಓಡುವಾಗ ಅನಿಲ ಕೂಲೆಂಟಿಗೆ ನುಗ್ಗುವುದೇ ಹೆಚ್ಚು, ಕೂಲೆಂಟು ಸಿಲಿಂಡರಿಗೆ ಬರುವುದು ಕಡಿಮೆ. ಎಂಜಿನ್ ಆರಿಸಿದ ಮೇಲೆ ದಿಕ್ಕು ಬದಲಾಗುತ್ತದೆ. ಸಿಲಿಂಡರಿನಲ್ಲಿ ಒತ್ತಡ ಇಲ್ಲ, ಬಿಸಿ ಕೂಲೆಂಟಿನಲ್ಲಿ ಇನ್ನೂ ಇದೆ; ರಾತ್ರಿಯೆಲ್ಲ ಒಂದೊಂದೇ ಹನಿ ಒಳಗೆ ಜಿನುಗುತ್ತದೆ.

ಇದಕ್ಕೆ ಇನ್ನೊಂದು ಎಳೆಯೂ ಇದೆ. ಹೆಡ್ ಅನ್ನು ಬಿಗಿದಿರುವ ಬೋಲ್ಟುಗಳು ಉಕ್ಕಿನವು, ಹೆಡ್ ಅಲ್ಯೂಮಿನಿಯಮ್ಮಿನದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುವುದರಿಂದ, ಎಂಜಿನ್ ಕಾದಷ್ಟೂ ಬೋಲ್ಟು ಹೆಡ್ಡನ್ನು ಬಲವಾಗಿ ಅದುಮುತ್ತದೆ, ತಣ್ಣಗಾದಾಗ ಆ ಹಿಡಿತ ಇಳಿಯುತ್ತದೆ. ಹಾಗಾಗಿ ಸಣ್ಣ ಸೋರಿಕೆ ಬಿಸಿಯಲ್ಲಿ ಮುಚ್ಚಿಕೊಂಡು ತಂಪಿನಲ್ಲಿ ತೆರೆದುಕೊಳ್ಳಬಹುದು. ಗ್ಯಾರೇಜಿಗೆ ಓಡಿಸಿಕೊಂಡು ಹೋದ ಕಾರನ್ನು ಬಿಸಿಯಿರುವಾಗಲೇ ಪರೀಕ್ಷಿಸಿ ಏನೂ ಇಲ್ಲವೆಂದು ಕಳಿಸುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ನನಗೆ ಕಂಡ ಮೊದಲ ಲಕ್ಷಣ ಬೆಳಗಿನ ಮಿಸ್ಸಿಂಗ್. ಡಿಸೆಂಬರಿನ ಒಂದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಾಲ್ಕೈದು ಸೆಕೆಂಡು ಮೂರು ಕಾಲಿನ ಮೇಲೆ ನಿಂತ ಮೇಜಿನಂತೆ ಅದುರಿ, ಆಮೇಲೆ ಏನೂ ಆಗದಂತೆ ಸಮನಾಯಿತು. ಬಿಳಿಯ ಹೊಗೆಯೂ ಬಂತು, ಆದರೆ ಮೈಸೂರಿನ ಡಿಸೆಂಬರಿನ ಮುಂಜಾವಿನಲ್ಲಿ ಯಾವ ಕಾರಿನ ಹೊಗೆಕೊಳವೆಯಿಂದ ಬಿಳಿಯ ಆವಿ ಬರುವುದಿಲ್ಲ? ಎರಡನೆಯ ಲಕ್ಷಣ ವಾಸನೆ. ಗ್ಲೈಕಾಲ್ ಕಾದರೆ ಸಿಹಿಯಾದ, ಕೊಂಚ ಗಂಟಲು ಹಿಡಿಯುವ ವಾಸನೆ ಬರುತ್ತದೆ. ನಾನು ಕೆಲಸದ ಮೇಲೆ ವಾರಕ್ಕೊಮ್ಮೆ ಮಂಡ್ಯಕ್ಕೆ ಹೋಗುವವನು. ಹಳೆಯ ರಸ್ತೆಯಲ್ಲಿ ಗಾಜಿಳಿಸಿಕೊಂಡು ಹೋದರೆ ಯಾವುದೋ ಆಲೆಮನೆಯ ಕೊಪ್ಪರಿಗೆಯಿಂದ ಕುದಿಯುವ ಕಬ್ಬಿನ ಹಾಲಿನ ವಾಸನೆ ಬಂದೇ ಬರುತ್ತದೆ. ಕಾರಿನೊಳಗಿನ ಸಿಹಿ ವಾಸನೆಯನ್ನು ಒಂದೂವರೆ ತಿಂಗಳು ನಾನು ಆಲೆಮನೆಯ ಲೆಕ್ಕಕ್ಕೆ ಬರೆದುಕೊಂಡೆ. ಮನೆಯ ಷೆಡ್ಡಿನಲ್ಲಿ ಬಾನೆಟ್ ಎತ್ತಿದಾಗಲೂ ಅದೇ ವಾಸನೆ ಬಂದ ದಿನವೇ ಟೇಪು ಅಂಟಿಸಿದ್ದು.

ಟೇಪಿನ ವಿಧಾನ ಸರಳ, ಆದರೆ ಶಿಸ್ತು ಬೇಕು. ಅದೇ ಸಮತಟ್ಟಾದ ನೆಲ, ಎಂಜಿನ್ ಪೂರ್ತಿ ತಣ್ಣಗಿರುವ ಬೆಳಗಿನ ಅದೇ ಹೊತ್ತು, ಕಣ್ಣು ಡಬ್ಬಿಯ ಮಟ್ಟಕ್ಕೆ ನೇರ. ಬಿಸಿಯಲ್ಲಿ ನೋಡಿದ ಮಟ್ಟಕ್ಕೆ ಬೆಲೆಯಿಲ್ಲ. ಡಬ್ಬಿಯ ಮಟ್ಟ ಇಳಿಯುತ್ತಿದ್ದರೂ ಅದು ನಿಜವಾದ ನಷ್ಟವೆಂದು ಹೇಳಲು ರೇಡಿಯೇಟರಿನ ಬಾಯಿಯವರೆಗೂ ತುಂಬಿದೆಯೇ ಎಂದು ಒಮ್ಮೆ ನೋಡಿಕೊಳ್ಳಬೇಕು. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಅದು ಹೊರಬಂದ ಹಾಗೆಲ್ಲ ಡಬ್ಬಿಯ ನೀರು ಒಳಗೆ ಹೋಗಿ ಸುಳ್ಳು ನಷ್ಟ ತೋರುತ್ತದೆ. ಮೂರು ಗೀಟುಗಳಾದ ಮೇಲೂ ಇಳಿಕೆ ಒಂದೇ ಸಮನಾಗಿ ಸಾಗಿದಾಗ, ಇದು ಸಿಕ್ಕಿಕೊಂಡ ಗಾಳಿಯಲ್ಲ ಎಂದು ಖಾತ್ರಿಯಾಯಿತು.

ಎರಡು ಗ್ಯಾರೇಜುಗಳಲ್ಲಿ ಕೇಳಿದೆ. ಒಂದರಲ್ಲಿ ಆಯಿಲ್ ಕ್ಯಾಪಿನ ಅಡಿಯ ಬೆಣ್ಣೆಯಂಥ ಬಿಳಿಯ ಲೇಪವನ್ನು ಬೆರಳಲ್ಲಿ ತೆಗೆದು ತೋರಿಸಿ, ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು ಎಂದರು. ಇನ್ನೊಂದರಲ್ಲಿ ಟೆಂಪರೇಚರ್ ಮುಳ್ಳನ್ನು ನೋಡಿ, ಹೀಟ್ ಆಗುತ್ತಿಲ್ಲವಲ್ಲ, ಇಷ್ಟು ಕಡಿಮೆ ಓಡಿದ ಗಾಡಿಗೆ ಏನೂ ಆಗಿರುವುದಿಲ್ಲ, ನೀರು ಹಾಕಿಕೊಂಡು ಓಡಿಸಿ ಎಂದರು. ಇಬ್ಬರ ಆಧಾರವೂ ದುರ್ಬಲವಾಗಿತ್ತು. ಕ್ಯಾಪಿನ ಅಡಿಯ ಬಿಳಿ ಲೇಪ ಬಹುಪಾಲು ಚಿಕ್ಕ ಓಡಾಟದ ಗುರುತು: ಎಂಜಿನ್ ಪೂರ್ತಿ ಕಾಯುವ ಮೊದಲೇ ಆರಿಸಿದರೆ ಒಳಗೆ ಹನಿಗಟ್ಟಿದ ಆವಿ ಒಣಗದೆ ಆಯಿಲ್ ಜೊತೆ ಕಲೆಯುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಜೇನಿನಂತೆ ಸ್ವಚ್ಛವಾಗಿತ್ತು. ಕ್ಯಾಪಿನ ಲೇಪವನ್ನು ಒರೆಸಿ, ಮದ್ದೂರಿನವರೆಗೆ ಹೋಗಿ ಬಂದ ಮೇಲೆ ಅದು ಮತ್ತೆ ಬರಲೇ ಇಲ್ಲ. ಇನ್ನು ಮುಳ್ಳಿನ ವಿಷಯ. ಅನೇಕ ಕಾರುಗಳಲ್ಲಿ ಅದು ನಿಜವಾದ ಉಷ್ಣತೆಯನ್ನು ತೋರಿಸುವುದಿಲ್ಲ. ಚಾಲಕ ಗಾಬರಿಯಾಗದಿರಲೆಂದು ಒಂದು ವಿಶಾಲವಾದ ವ್ಯಾಪ್ತಿಯುದ್ದಕ್ಕೂ ಅದನ್ನು ಮಧ್ಯದಲ್ಲೇ ನಿಲ್ಲಿಸಿರುತ್ತಾರೆ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದಲು ಇರುವ ಓಬಿಡಿ ಸಾಕೆಟ್ಟಿಗೆ ಒಂದು ಬ್ಲೂಟೂತ್ ಉಪಕರಣ ಸಿಕ್ಕಿಸಿ ಫೋನಿನಲ್ಲಿ ಅಂಕಿಯನ್ನೇ ನೋಡಿದಾಗ, ಏರುದಾರಿಯಲ್ಲಿ 91 ಡಿಗ್ರಿಯಿಂದ 103ಕ್ಕೆ ನೆಗೆದು ಮತ್ತೆ ಇಳಿಯುವುದು ಕಂಡಿತು. ಮುಳ್ಳು ಆಗಲೂ ಅಲ್ಲಾಡಿರಲಿಲ್ಲ.

ಆದರೂ ಗ್ಯಾಸ್ಕೆಟ್ಟಿನ ಮೇಲೆ ಕೈ ತೋರಿಸುವ ಮೊದಲು ಅಗ್ಗದ ಅನುಮಾನಗಳನ್ನು ಮುಗಿಸಬೇಕಿತ್ತು. ಮೊದಲು ರೇಡಿಯೇಟರ್ ಕ್ಯಾಪು. ಅದರೊಳಗಿನ ಸ್ಪ್ರಿಂಗು 1.1 ಬಾರ್ ಒತ್ತಡವನ್ನು ಹಿಡಿದಿಡಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಬರಿಯ ನೀರು 97 ಡಿಗ್ರಿ ದಾಟುತ್ತಿದ್ದಂತೆಯೇ ಕುದಿಯುತ್ತದೆ. ಅರ್ಧ ಗ್ಲೈಕಾಲ್ ಬೆರೆಸಿ ಕ್ಯಾಪಿನ ಒತ್ತಡವನ್ನೂ ಕೊಟ್ಟರೆ ಕುದಿಬಿಂದು 120 ಡಿಗ್ರಿಯನ್ನು ಮೀರುತ್ತದೆ. ಹದಿನೈದು ವರ್ಷದ ಕ್ಯಾಪಿನ ರಬ್ಬರು ಒರಟಾಗಿತ್ತು, ಬದಲಿಸಿದೆ, ಇಳಿಕೆ ನಿಲ್ಲಲಿಲ್ಲ. ವಾಟರ್ ಪಂಪಿನ ಅಡಿಯಲ್ಲಿ ಸೋರಿಕೆ ತೋರಿಸಲೆಂದೇ ಇಟ್ಟಿರುವ ಸಣ್ಣ ರಂಧ್ರವಿರುತ್ತದೆ, ಅದು ಒಣಗಿತ್ತು. ಹೀಟರಿನ ಕಡೆಯ ಕಾರ್ಪೆಟ್ಟನ್ನು ಎತ್ತಿ ಕೈಯಾಡಿಸಿದೆ, ತೇವವಿರಲಿಲ್ಲ, ಗಾಜಿನ ಒಳಮೈಯಲ್ಲಿ ಜಿಡ್ಡಿನ ಮಂಜೂ ಇರಲಿಲ್ಲ. ಹೆಡ್ಡೂ ಬ್ಲಾಕೂ ಸೇರುವ ಗೆರೆಯ ಹಿಂಭಾಗದಲ್ಲಿ ಆಯಿಲ್ ಜಿನುಗಿದ ಕಪ್ಪು ಕಲೆ ಕಂಡು ಎದೆ ಝಲ್ಲೆಂದಿತು. ಒರೆಸಿ, ಟಾಲ್ಕಂ ಪೌಡರ್ ಉದುರಿಸಿ ಹತ್ತು ಕಿಲೋಮೀಟರ್ ಓಡಿಸಿ ನೋಡಿದರೆ, ಆಯಿಲ್ ಮೇಲಿನಿಂದ, ಹೆಡ್ಡನ್ನು ಮುಚ್ಚುವ ವಾಲ್ವ್ ಕವರಿನ ಅಂಚಿನಿಂದ ಇಳಿದು ಬರುತ್ತಿತ್ತು. ಆ ಕವರಿನ ರಬ್ಬರು ಬದಲಿಸುವುದು ಅರ್ಧ ಗಂಟೆಯ ಕೆಲಸ. ಈ ಒಂದು ಕಲೆಯನ್ನು ನಂಬಿ ಎಷ್ಟು ಹೆಡ್ಡುಗಳು ಸುಮ್ಮನೆ ಇಳಿದಿವೆಯೋ!

ಕೂಲೆಂಟಿನ ಗುಣವನ್ನೂ ನೋಡಿದೆ. ಮಲ್ಟಿಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿದು, ಕೆಂಪು ತಂತಿಯ ಮೊನೆಯನ್ನು ಲೋಹಕ್ಕೆ ತಾಗದಂತೆ ರೇಡಿಯೇಟರಿನ ಕೂಲೆಂಟಿನಲ್ಲಿ ಅದ್ದಿದರೆ ಬರುವ ವೋಲ್ಟೇಜು 0.3ರ ಒಳಗಿರಬೇಕೆಂಬುದು ಮೆಕ್ಯಾನಿಕ್‌ಗಳ ಅಳತೆ. ನನಗೆ 0.5 ಬಂತು. ದ್ರವವೇ ದುರ್ಬಲವಾದ ಬ್ಯಾಟರಿಯಂತೆ ವರ್ತಿಸುತ್ತಿದೆ, ಅಲ್ಯೂಮಿನಿಯಂ ನಿಧಾನವಾಗಿ ಕರಗುತ್ತಿದೆ ಎಂದು ಇದರ ಅರ್ಥ. ಬೋರ್‌ವೆಲ್ ನೀರಿನ ಮಾತು ಆಗ ನೆನಪಾಯಿತು.

ಇನ್ನು ಎರಡು ಪರೀಕ್ಷೆಗಳಿಗೆ ಉಪಕರಣವೇ ಬೇಡ, ಸಣ್ಣ ಸೋರಿಕೆಗೆ ಇವುಗಳಷ್ಟು ಸೂಕ್ಷ್ಮವಾದವು ಬೇರೆ ಕಡಿಮೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನಿನ ರೇಡಿಯೇಟರ್ ಕ್ಯಾಪನ್ನು ಬೆಳಿಗ್ಗೆ ತೆರೆದಾಗ ಸುಸ್ ಎಂಬ ಸದ್ದು ಬರಬಾರದು. ಬಿಸಿಗೆ ಹಿಗ್ಗಿ ಬಂದ ಒತ್ತಡ ತಣ್ಣಗಾದ ಮೇಲೆ ತಾನೇ ಇಳಿಯಬೇಕು. ತಣ್ಣಗಿರುವಾಗಲೂ ಒತ್ತಡ ಉಳಿದಿದೆ ಎಂದರೆ ಒಳಗೆ ಹೊರಗಿನಿಂದ ಏನೋ ಸೇರಿದೆ, ಸೇರಬಹುದಾದದ್ದು ಸಿಲಿಂಡರಿನ ಅನಿಲ. ನನ್ನ ಕಾರಿನಲ್ಲಿ ಮಂಡ್ಯಕ್ಕೆ ಹೋಗಿ ಬಂದ ಮರುದಿನ ಈ ಸದ್ದು ಬರುತ್ತಿತ್ತು, ಊರೊಳಗೆ ಮಾತ್ರ ಓಡಾಡಿದ ಮರುದಿನ ಬರುತ್ತಿರಲಿಲ್ಲ. ಎರಡನೆಯದು ಮೇಲಿನ ಹೋಸ್ ಪೈಪಿನ ಪರೀಕ್ಷೆ. ಕ್ಯಾಪನ್ನು ಒಮ್ಮೆ ತೆಗೆದು ಒತ್ತಡ ಬಿಟ್ಟು ಮತ್ತೆ ಮುಚ್ಚಿ, ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಹೋಸನ್ನು ಕೈಯಲ್ಲಿ ಅದುಮುತ್ತ ಇರಬೇಕು. ನೀರು ಕಾಯುವ ಮೊದಲೇ, ಒಂದೆರಡು ನಿಮಿಷದೊಳಗೆ ಹೋಸು ಗಟ್ಟಿಯಾದರೆ ಅದು ಬಿಸಿಯ ಒತ್ತಡವಲ್ಲ. ನನ್ನದು ಗಟ್ಟಿಯಾಗಲಿಲ್ಲ, ಆದ್ದರಿಂದ ಸೋರಿಕೆ ಇದ್ದರೂ ಬಹಳ ಸಣ್ಣದು, ಎಂಜಿನ್ ಎಳೆಯುವಾಗ ಮಾತ್ರ ತೆರೆದುಕೊಳ್ಳುವಂಥದು ಎಂದು ಊಹಿಸಿದೆ.

ರಾಸಾಯನಿಕ ಪರೀಕ್ಷೆ ನನ್ನನ್ನು ದಾರಿ ತಪ್ಪಿಸಿದ್ದು ಇಲ್ಲಿಯೇ. ಅದರ ಉಪಕರಣ ಒಂದು ಪಾರದರ್ಶಕ ಕೊಳವೆ, ಅದರಲ್ಲಿ ಬ್ರೋಮೋಥೈಮಾಲ್ ಬ್ಲೂ ಎಂಬ ಸೂಚಕದ ನೀಲಿ ದ್ರಾವಣ. ರೇಡಿಯೇಟರಿನ ಬಾಯಿಗೆ ಅದನ್ನು ಕೂರಿಸಿ, ಮೇಲಿನ ರಬ್ಬರ್ ಬುಡ್ಡೆಯನ್ನು ಅದುಮಿ ಬಿಟ್ಟು ಒಳಗಿನ ಗಾಳಿಯನ್ನು ದ್ರಾವಣದ ಮೂಲಕ ಎಳೆಯಬೇಕು. ಉರಿದ ಪೆಟ್ರೋಲಿನ ಇಂಗಾಲದ ಡೈ ಆಕ್ಸೈಡ್ ಇದ್ದರೆ ದ್ರಾವಣ ಆಮ್ಲೀಯವಾಗಿ ನೀಲಿಯಿಂದ ಹಸಿರಿಗೂ ಆಮೇಲೆ ಹಳದಿಗೂ ತಿರುಗುತ್ತದೆ. ಮನೆಯ ಮುಂದೆ ಕಾರನ್ನು ನಿಲ್ಲಿಸಿಯೇ, ಆಕ್ಸಿಲರೇಟರ್ ಒತ್ತದೆ, ಎಂಜಿನ್ನನ್ನು ಐಡ್ಲಿಂಗ್‌ನಲ್ಲಿ ಬಿಟ್ಟು ಹತ್ತು ನಿಮಿಷ ಎಳೆದೆ. ನೀಲಿ ನೀಲಿಯಾಗಿಯೇ ಉಳಿಯಿತು. ಗ್ಯಾಸ್ಕೆಟ್ ಸರಿಯಿದೆ ಎಂದು ನಿರ್ಧರಿಸಿ ಮೂರು ವಾರ ಸುಮ್ಮನಿದ್ದೆ, ಟೇಪಿನ ಮೇಲೆ ಎರಡು ಗೀಟು ಇಳಿಯಿತು.

ಐಡ್ಲಿಂಗ್‌ನಲ್ಲಿ ಸಿಲಿಂಡರಿನ ಒತ್ತಡ ತೀರ ಕಡಿಮೆ ಎಂಬುದನ್ನು ಆಗ ಯೋಚಿಸಿರಲಿಲ್ಲ. ಎಂಜಿನ್ ದುಡಿಯಬೇಕು, ದುಡಿಸುವುದಕ್ಕೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ. ಬೆಟ್ಟದ ತಲೆ ಸುಮಾರು 1,060 ಮೀಟರ್ ಎತ್ತರದಲ್ಲಿದೆ, ಎಂದರೆ ಊರಿನಿಂದ ಮುನ್ನೂರು ಮೀಟರಿನಷ್ಟು ಏರು. ಭಾನುವಾರ ಬೆಳಗಿನ ಆರು ಗಂಟೆಗೆ, ಜನ ಸೇರುವ ಮೊದಲು, ಎರಡನೆಯ ಗೇರಿನಲ್ಲಿ ಒಂದೇ ಸಮನೆ ಎಳೆದು ಮೇಲೆ ಹೋಗಿ ನಿಲ್ಲಿಸಿದೆ. ಒತ್ತಡವಿರುವ ಕ್ಯಾಪನ್ನು ತೆರೆಯುವುದು ಅಪಾಯಕಾರಿ. ಇಪ್ಪತ್ತು ನಿಮಿಷ ಕಾದು, ದಪ್ಪ ಬಟ್ಟೆ ಹಾಕಿ, ಮೊದಲ ಹಂತದವರೆಗೆ ಮಾತ್ರ ತಿರುಗಿಸಿ ಒತ್ತಡ ಪೂರ್ತಿ ಹೋದ ಮೇಲೆಯೇ ತೆಗೆದೆ. ದ್ರಾವಣದೊಳಗೆ ಕೂಲೆಂಟ್ ಸೇರಿದರೆ ಪರೀಕ್ಷೆ ಕೆಡುತ್ತದೆಂದು ಸ್ವಲ್ಪ ಕೂಲೆಂಟನ್ನು ಸಿರಿಂಜಿನಿಂದ ಹೊರತೆಗೆದು ಮಟ್ಟ ಇಳಿಸಿ, ಎಂಜಿನ್ನನ್ನು ಮತ್ತೆ ಚಾಲೂ ಮಾಡಿ 2,500 ಆರ್‌ಪಿಎಂನಲ್ಲಿ ಹಿಡಿಯಲು ಜೊತೆಗೆ ಬಂದ ತಮ್ಮನಿಗೆ ಹೇಳಿ, ಬುಡ್ಡೆ ಅದುಮತೊಡಗಿದೆ. ಮೂರನೆಯ ನಿಮಿಷದಲ್ಲಿ ನೀಲಿ ಹಸಿರಾಯಿತು. ಐದನೆಯ ನಿಮಿಷಕ್ಕೆ ಮಾಗುತ್ತಿರುವ ನಿಂಬೆಯ ಬಣ್ಣ.

ಒಂದು ಸಲದ ಬಣ್ಣವನ್ನು ನಂಬಬಾರದು. ಬಾನೆಟ್ಟಿನ ಸುತ್ತ ಕಾರಿನದೇ ಹೊಗೆ ಸುಳಿಯುತ್ತಿದ್ದರೂ ದ್ರಾವಣ ಬಣ್ಣ ಬದಲಿಸುತ್ತದೆ. ಮರುವಾರ ಹೊಸ ದ್ರಾವಣದೊಂದಿಗೆ ಅದೇ ಏರು, ಅದೇ ಗೇರು, ಆದರೆ ಎಂಜಿನ್ ಚಾಲೂ ಮಾಡುವ ಮೊದಲು ಎರಡು ನಿಮಿಷ ಬರಿಯ ಗಾಳಿಯನ್ನು ಎಳೆದು ನೀಲಿ ಉಳಿಯುವುದನ್ನು ಖಚಿತಪಡಿಸಿಕೊಂಡೆ. ಬೇರೆ ತೆಗೆದಿಟ್ಟ ಒಂದಿಷ್ಟು ದ್ರಾವಣಕ್ಕೆ ಸ್ಟ್ರಾದಿಂದ ಉಸಿರು ಊದಿ ಅದು ಹಳದಿಯಾಗುವುದನ್ನೂ ನೋಡಿದೆ, ಏಕೆಂದರೆ ಸತ್ತ ದ್ರಾವಣ ಅನಿಲವಿದ್ದರೂ ನೀಲಿಯಾಗಿಯೇ ಉಳಿಯಬಹುದು. ಕೊನೆಗೆ ಪಕ್ಕದ ಮನೆಯವರನ್ನು ಒಪ್ಪಿಸಿ ಅವರ ಕಾರನ್ನೂ ಬೆಟ್ಟ ಹತ್ತಿಸಿದೆ. ಅವರದು ನೀಲಿ, ನನ್ನದು ಮತ್ತೆ ಹಳದಿ. ಬೆಟ್ಟಕ್ಕೆ ಮೂರು ಭಾನುವಾರ ಹೋದರೂ ದೇವಸ್ಥಾನದೊಳಗೆ ಹೋಗದೆ ಬಂದದ್ದನ್ನು ಮನೆಯಲ್ಲಿ ಇನ್ನೂ ಆಡಿಕೊಳ್ಳುತ್ತಾರೆ.

ಎಮಿಷನ್ ಟೆಸ್ಟ್ ಕೇಂದ್ರದ ಯಂತ್ರದಿಂದಲೂ ಇದನ್ನು ನೋಡಬಹುದೆಂದು ಕೆಲವರು ಹೇಳುತ್ತಾರೆ. ತೆರೆದ ರೇಡಿಯೇಟರಿನ ಬಾಯಿಯ ಮೇಲೆ ಅದರ ಕೊಳವೆಯನ್ನು ಹಿಡಿದರೆ ಹೈಡ್ರೋಕಾರ್ಬನ್ನಿನ ಅಂಕಿ ಏರಬೇಕು. ತತ್ತ್ವ ಸರಿ. ಆದರೆ ಒಂದು ಹನಿ ಕೂಲೆಂಟ್ ಒಳಗೆ ಎಳೆದುಕೊಂಡರೂ ಆ ಯಂತ್ರ ಹಾಳಾಗಬಹುದು. ನಾನು ಕೇಳಿದ ಕೇಂದ್ರದವರು ನಕ್ಕು ಕಳಿಸಿದರು, ಅವರದು ತಪ್ಪಲ್ಲ.

ಇಲ್ಲಿಗೆ ಅನಿಲ ಕೂಲೆಂಟಿನ ನೀರಿಗೆ ಹೋಗುತ್ತಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತ್ತು. ನೀರು ಸಿಲಿಂಡರಿಗೆ ಬರುತ್ತಿದೆ ಎಂಬುದಕ್ಕೆ ಬೇರೆಯದೇ ಸಾಕ್ಷಿ ಬೇಕಿತ್ತು. ಈ ಎರಡೂ ಬೇರೆ ಬೇರೆ ದಾರಿಯಿಂದ ಸಿಕ್ಕಿ ಒಂದೇ ಸಿಲಿಂಡರನ್ನು ತೋರಿಸುವವರೆಗೆ ಇಷ್ಟು ಸಣ್ಣ ಸೋರಿಕೆಗೆ ಹೆಡ್ ಇಳಿಸಬಾರದೆಂಬುದು ನನ್ನ ನಿಲುವು, ಏಕೆಂದರೆ ಒಮ್ಮೆ ಇಳಿಸಿದ ಹೆಡ್ಡನ್ನು ಕಾರ್ಖಾನೆಯಲ್ಲಿ ಕೂರಿಸಿದಂತೆಯೇ ಕೂರಿಸುವುದು ಎಲ್ಲ ಕಡೆಯೂ ಆಗುವ ಕೆಲಸವಲ್ಲ.

ಇಷ್ಟು ಹೊತ್ತಿಗೆ ನನಗೊಬ್ಬ ಹಿರಿಯ ಮೇಸ್ತ್ರಿ ಸಿಕ್ಕಿದ್ದರು. 1996ರಲ್ಲಿ ಮುಚ್ಚಿದ, ಮೈಸೂರಿನ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡವರು, ಈಗ ಹೆಬ್ಬಾಳ ಕೈಗಾರಿಕಾ ಪ್ರದೇಶದ ಬಳಿ ಸಣ್ಣ ಷೆಡ್ಡಿನಲ್ಲಿ ತಮಗೆ ಇಷ್ಟವಾದ ಕೆಲಸವನ್ನು ಮಾತ್ರ ಹಿಡಿಯುತ್ತಾರೆ. ನನ್ನ ಟೇಪನ್ನು ನೋಡಿ, ‘ಗಾಡಿ ನೀರು ಕುಡೀತಿದೆ, ಯಾವ ಬಾಯಲ್ಲಿ ಅಂತ ನೋಡ್ಬೇಕು’ ಎಂದಷ್ಟೇ ಹೇಳಿದರು. ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆಂದು ಅಳೆಯುವ ಕಂಪ್ರೆಷನ್ ಪರೀಕ್ಷೆಯಿಂದ ಆರಂಭಿಸಿದೆವು. ಥ್ರಾಟಲ್ ಪೂರ್ತಿ ತೆರೆದು, ಪೆಟ್ರೋಲ್ ನಿಲ್ಲಿಸಿ ನಾಲ್ಕೂ ಸಿಲಿಂಡರುಗಳನ್ನು ಅಳೆದಾಗ ಒಂದಕ್ಕೊಂದು ಶೇಕಡಾ 4ರ ಅಂತರದಲ್ಲಿದ್ದವು. ಎಲ್ಲವೂ ಪುಸ್ತಕದ ಅಂಕಿಗಿಂತ ಕೊಂಚ ಕೆಳಗಿದ್ದವು, ಆದರೆ ಮೈಸೂರಿನ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 9ರಷ್ಟು ಕಡಿಮೆ ಇರುವುದರಿಂದ ಅದಕ್ಕೆ ಅರ್ಥವಿರಲಿಲ್ಲ. ಇಷ್ಟು ಸಣ್ಣ ಸೋರಿಕೆಯನ್ನು ಈ ಪರೀಕ್ಷೆ ಹಿಡಿಯುವುದಿಲ್ಲವೆಂದು ಮೇಸ್ತ್ರಿ ಮೊದಲೇ ಹೇಳಿದ್ದರು.

ಲೀಕ್‌ಡೌನ್ ಪರೀಕ್ಷೆ ಹೆಚ್ಚು ಹೇಳಿತು. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಕಂಪ್ರೆಸರಿನ ಗಾಳಿಯನ್ನು ಸುಮಾರು 7 ಬಾರ್‌ನಲ್ಲಿ ತುಂಬಿ, ಎಷ್ಟು ಪಾಲು ಸೋರಿಹೋಗುತ್ತದೆಂದು ನೋಡುವುದು. ಥ್ರಾಟಲಿನಲ್ಲಿ ಸದ್ದು ಕೇಳಿದರೆ ಒಳವಾಲ್ವು, ಹೊಗೆಕೊಳವೆಯಲ್ಲಿ ಕೇಳಿದರೆ ಹೊರವಾಲ್ವು, ಆಯಿಲ್ ಕ್ಯಾಪಿನಲ್ಲಿ ಕೇಳಿದರೆ ರಿಂಗುಗಳು, ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಮೂರು ಸಿಲಿಂಡರುಗಳು ಶೇಕಡಾ 5ರಿಂದ 6, ಮೂರನೆಯದು ಮಾತ್ರ 9. ಅಂಕಿಯನ್ನಷ್ಟೇ ನೋಡಿದರೆ 9 ಕೂಡ ಆರೋಗ್ಯವಂತ ಎಂಜಿನ್ನಿನ ಲಕ್ಷಣವೇ. ಮೇಸ್ತ್ರಿ ಅಂಕಿಯನ್ನು ನೋಡಲೇ ಇಲ್ಲ. ರೇಡಿಯೇಟರಿನ ಬಾಯಿಯವರೆಗೆ ಕೂಲೆಂಟ್ ತುಂಬಿ, ಟಾರ್ಚ್ ಬಿಟ್ಟು, ಷೆಡ್ಡಿನ ರೇಡಿಯೋ ಆರಿಸಿ ಕಾದರು. ನಲವತ್ತು ಸೆಕೆಂಡಿನ ಬಳಿಕ ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಮೇಲೆ ಬಂತು. ಹತ್ತು ಸೆಕೆಂಡು ಬಿಟ್ಟು ಇನ್ನೊಂದು. ಉಳಿದ ಮೂರು ಸಿಲಿಂಡರುಗಳಿಗೆ ಐದೈದು ನಿಮಿಷ ಕಾದರೂ ಒಂದೂ ಬರಲಿಲ್ಲ. ಎಂಜಿನ್ನನ್ನು ಕಾಯಿಸಿ ಮತ್ತೆ ನೋಡಿದಾಗ ಮೂರನೆಯದರ ಗುಳ್ಳೆಯೂ ನಿಂತುಹೋಯಿತು. ಬೋಲ್ಟಿನ ಹಿಡಿತದ ಲೆಕ್ಕ ಸರಿಯಿತ್ತು.

ಕೊನೆಯದು ಒತ್ತಡದ ಪರೀಕ್ಷೆ. ರಾತ್ರಿ ಎಂಟಕ್ಕೆ ತಣ್ಣನೆಯ ರೇಡಿಯೇಟರಿಗೆ ಕೈಪಂಪಿನಿಂದ 1.1 ಬಾರ್ ತುಂಬಿ ಹಾಗೆಯೇ ಬಿಟ್ಟು ಬಂದೆವು. ಹತ್ತು ನಿಮಿಷ ನಿಲ್ಲಿಸಿ, ಮುಳ್ಳು ಇಳಿಯಲಿಲ್ಲ ಎಂದು ಬಿಚ್ಚುವುದು ವಾಡಿಕೆ. ಸಣ್ಣ ಸೋರಿಕೆಗೆ ಹತ್ತು ನಿಮಿಷ ಏನೇನೂ ಸಾಲದು. ಬೆಳಿಗ್ಗೆ ಆರಕ್ಕೆ 0.85 ಇತ್ತು. ರಾತ್ರಿ ಷೆಡ್ಡಿನ ಉಷ್ಣತೆ ಏಳು ಡಿಗ್ರಿ ಇಳಿದಿತ್ತು, ಒಳಗಿನ ಗಾಳಿ ಕುಗ್ಗಿದ್ದಕ್ಕೆ 0.05 ಕಳೆದರೂ 0.2 ಬಾರ್‌ಗೆ ಲೆಕ್ಕವಿಲ್ಲ. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿದಾಗ ಮೂರನೆಯದು ಉಳಿದವುಗಳಂತೆ ಕಂದು ಬಣ್ಣದ್ದಾಗಿರದೆ ತೊಳೆದಿಟ್ಟಂತೆ ಬೆಳ್ಳಗಿತ್ತು. ತೂತುಗಳ ಮುಂದೆ ಬಿಳಿಯ ಕಾಗದ ಹಿಡಿದು ಸ್ಟಾರ್ಟರ್ ತಿರುಗಿಸಿದಾಗ ಮೂರನೆಯ ತೂತಿನ ಮುಂದಿನ ಕಾಗದದ ಮೇಲೆ ಮಾತ್ರ ತುಂತುರು ಬಿತ್ತು. ಬೆರಳಿಗೆ ಜಿಡ್ಡು, ಮೂಗಿಗೆ ಆ ಹಳೆಯ ಸಿಹಿ ವಾಸನೆ. ತೂತಿನಿಂದ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರೆ ಮೂರು ಪಿಸ್ಟನ್ನುಗಳ ತಲೆ ಕಪ್ಪಗೆ, ಮೂರನೆಯದರ ಒಂದು ಅಂಚು ತೊಳೆದ ಬೆಳ್ಳಿಯಂತೆ ಹೊಳೆಯುತ್ತಿತ್ತು. ಆ ಅಂಚು ಇದ್ದದ್ದು ಎಂಜಿನ್ನಿನಿಂದ ಹೊಗೆ ಹೊರಹೋಗುವ ಕಡೆಗೆ.

ಈ ನಡುವೆ ರೇಡಿಯೇಟರಿಗೆ ಒಂದು ಹಿಡಿ ಅರಿಶಿನದ ಪುಡಿ ಹಾಕಲು ಹೇಳಿದವರು ಒಬ್ಬರಲ್ಲ, ನಾಲ್ವರು. ರಸ್ತೆಯ ಮಧ್ಯೆ ರೇಡಿಯೇಟರಿನ ಕೊಳವೆ ತೂತಾದಾಗ ಊರು ಸೇರಲು ಅರಿಶಿನ ಕೆಲಸಕ್ಕೆ ಬರುತ್ತದೆ ಎಂಬುದನ್ನು ಲಾರಿಯವರು ಬಲ್ಲರು, ನಾನು ಅಲ್ಲಗಳೆಯುವುದಿಲ್ಲ. ಬಾಟಲಿಯಲ್ಲಿ ಸಿಗುವ ಸೋರಿಕೆ ನಿರೋಧಕಗಳದೂ ಅದೇ ಜಾತಿ. ಆದರೆ ಅರಿಶಿನಕ್ಕೆ ಗ್ಯಾಸ್ಕೆಟ್ಟಿನ ಬಿರುಕು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದನ್ನು ಒಮ್ಮೆ ಹಾಕಿದ ಮೇಲೆ ಮೇಲಿನ ಯಾವ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ.

ಹೆಡ್ ಇಳಿಸುವ ಮೊದಲು ಮೇಸ್ತ್ರಿ ಒಂದು ಎಚ್ಚರಿಕೆ ಕೊಟ್ಟರು. ಇಷ್ಟೆಲ್ಲ ಸಾಕ್ಷಿ ಸೋರಿಕೆಯ ಜಾಗವನ್ನು ತೋರಿಸುತ್ತದೆ, ಸೋರುತ್ತಿರುವುದು ಗ್ಯಾಸ್ಕೆಟ್ಟೋ ಹೆಡ್ಡಿನ ಬಿರುಕೋ ಎಂದು ತೋರಿಸುವುದಿಲ್ಲ. ಬಿರುಕಾಗಿದ್ದರೆ ಖರ್ಚು ನಾಲ್ಕು ಪಟ್ಟು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿರುಕಾಗಿರಲಿಲ್ಲ. ಲೇತ್ ಅಂಗಡಿಯಲ್ಲಿ ಬಣ್ಣದ ದ್ರಾವಣ ಸವರಿ ನೋಡಿದಾಗ ಹೆಡ್ ಶುದ್ಧವಾಗಿತ್ತು. ಹೆಡ್ ಬಾಗಿದೆಯೇ ಎಂದು ನೇರ ಪಟ್ಟಿಯನ್ನು ಕರ್ಣಕ್ಕೆ ಇಟ್ಟು, ಸಂದಿಯನ್ನು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದಾಗ 0.04 ಮಿಲಿಮೀಟರಿನ ಎಲೆ ಒಂದು ಕಡೆ ಮಾತ್ರ ಹೋಯಿತು, ಈ ಎಂಜಿನ್ನಿಗೆ ಹೇಳಿದ ಮಿತಿಯೊಳಗೆ. ಮೂರನೆಯ ಸಿಲಿಂಡರಿಗೂ ಪಕ್ಕದ ನೀರಿನ ತೂತಿಗೂ ನಡುವೆ ಹೆಡ್ಡಿನ ಮೈಯಲ್ಲಿ ಗೆದ್ದಲು ತಿಂದಂಥ ಸಣ್ಣ ಸಣ್ಣ ಗುಳಿಗಳಿದ್ದವು; ಗ್ಯಾಸ್ಕೆಟ್ಟಿನ ಲೇಪ ಅಲ್ಲಿ ಎದ್ದು, ಉಕ್ಕಿನ ಮೇಲೆ ಪೆನ್ಸಿಲ್ಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಸಿಲಿಂಡರಿನ ಅಂಚಿನಿಂದ ನೀರಿನ ತೂತಿನವರೆಗೆ ಓಡಿತ್ತು. ಆ ಗೆರೆಯ ಅಗಲ ಒಂದು ಮಿಲಿಮೀಟರ್ ಇರಲಿಲ್ಲ. ನೀರಿನ ತೂತುಗಳ ಸುತ್ತ ಬೋರ್‌ವೆಲ್ ನೀರಿನ ಸುಣ್ಣ ಗಟ್ಟಿಯಾಗಿ ಕಟ್ಟಿತ್ತು.

ಗುಳಿಗಳು ಹೋಗುವಷ್ಟು ಮಾತ್ರ ಹೆಡ್ಡಿನ ಮೈಯನ್ನು ಹೆರೆದು ಸಮ ಮಾಡಿಸಿ (ಇದಕ್ಕೆ ಫೇಸಿಂಗ್ ಎನ್ನುತ್ತಾರೆ), ಹೊಸ ಗ್ಯಾಸ್ಕೆಟ್ ಕೂರಿಸಿದೆವು. ಈ ಎಂಜಿನ್ನಿನ ಹೆಡ್ ಬೋಲ್ಟುಗಳು ಬಿಗಿಯುವಾಗ ಸ್ವಲ್ಪ ಎಳೆದುಕೊಳ್ಳುವಂತೆ ಮಾಡಿದವು, ಒಮ್ಮೆ ಬಳಸಿದ ಮೇಲೆ ಮತ್ತೆ ಹಾಕುವಂತಿಲ್ಲ. ಹತ್ತು ಹೊಸ ಬೋಲ್ಟು ಬರಲು ಐದು ವಾರ ಹಿಡಿಯಿತು. ಮಧ್ಯದಿಂದ ಹೊರಗೆ ಸುತ್ತುವ ಕ್ರಮದಲ್ಲಿ, ಮೊದಲು ಟಾರ್ಕ್ ರೆಂಚಿನಿಂದ ಹಂತ ಹಂತವಾಗಿ, ಆಮೇಲೆ ಕೋನ ಅಳೆದು ಮೇಸ್ತ್ರಿ ತಾವೇ ಬಿಗಿದರು, ರೆಂಚನ್ನು ನನ್ನ ಕೈಗೆ ಕೊಡಲಿಲ್ಲ. ಕೂಲೆಂಟಿಗೆ ಈ ಸಲ ಡಿಸ್ಟಿಲ್ಡ್ ವಾಟರ್.

ಕಳೆದ ಭಾನುವಾರ ಟೇಪಿನ ಮೇಲೆ ಕಣ್ಣಿಟ್ಟು ನೋಡಿದೆ. ಕೆಲಸವಾದ ಮೇಲೆ 1,400 ಕಿಲೋಮೀಟರ್ ಆಗಿದೆ, ಮಂಡ್ಯಕ್ಕೆ ಹದಿಮೂರು ಸಲ, ಬೆಟ್ಟಕ್ಕೆ ಎರಡು ಸಲ. ಹೊಸದಾಗಿ ಎಳೆದ ಗೀಟಿನ ಮೇಲೆಯೇ ಕೂಲೆಂಟು ನಿಂತಿದೆ, ತಣ್ಣನೆಯ ಕ್ಯಾಪು ಸದ್ದಿಲ್ಲದೆ ತೆರೆಯುತ್ತದೆ. ವಾಲ್ವ್ ಕವರಿನ ರಬ್ಬರು ಮಾತ್ರ ಇನ್ನೂ ಬಂದಿಲ್ಲ. ಹೆಡ್ಡಿನ ಹಿಂಭಾಗದಲ್ಲಿ ಆಯಿಲ್ಲಿನ ಆ ಕಪ್ಪು ಕಲೆ ಮತ್ತೆ ಮೂಡಿದೆ.